ಮೈ ಆರಿದ ಮೇಲೆ

ಬಯಲಿನಲ್ಲಿ ರಿಮೋಟ್ ಕಾರುಗಳ ಪಂದ್ಯ ನಡೆದಿತ್ತು. ಮೊದಲ ಸುತ್ತು ಗೆಲ್ಲಿಸಿ ಬಂದ ಎಳೆಯ ಬ್ಯಾಟರಿಯ ಮೈ ಕೆಂಡದಂತೆ ಸುಡುತ್ತಿತ್ತು.

"ಚಾರ್ಜರಣ್ಣ, ಬೇಗ ನನ್ನನ್ನು ತುಂಬು. ಮುಂದಿನ ಸುತ್ತಿಗೂ ನಾನೇ ಹೋಗಬೇಕು" ಎಂದು ಅದು ಅವಸರಪಡಿಸಿತು.

"ಮೊದಲು ಮೈ ಆರಲಿ. ಬಿಸಿ ಮೈಗೆ ಕರೆಂಟು ತುಂಬಿದರೆ ಉಬ್ಬಿ ಕೆಟ್ಟುಹೋಗುತ್ತೀಯ" ಎಂದಿತು ಚಾರ್ಜರ್.

"ಅಷ್ಟರಲ್ಲಿ ಆ ಮುದಿ ಬ್ಯಾಟರಿ ನನ್ನ ಹೆಸರು ಹೊಡೆದುಕೊಳ್ಳುತ್ತದಲ್ಲ!"

ಪಕ್ಕದಲ್ಲಿದ್ದ ಮುದಿ ಬ್ಯಾಟರಿ ನಕ್ಕಿತು. "ನಿನ್ನ ಹೆಸರು ನನಗೇಕಪ್ಪಾ? ನನ್ನಲ್ಲಿರುವುದು ಒಂದೇ ಸುತ್ತಿನ ಕಸುವು. ನೀನು ಸುಧಾರಿಸಿಕೊಳ್ಳಲಿ ಎಂದೇ ಹೊರಟಿದ್ದೇನೆ" ಎಂದು ಕಾರನ್ನೇರಿತು.

ಎಳೆಯದಕ್ಕೆ ಹೊಟ್ಟೆ ಉರಿಯಿತು. ಬೇರೆ ದಾರಿ ಕಾಣದೆ ನೆರಳಿನಲ್ಲಿ ಮುಖ ಗಂಟಿಕ್ಕಿಕೊಂಡು ಕೂತಿತು. ಮೈ ತಣ್ಣಗಾಗುತ್ತಿದ್ದಂತೆ ಸಿಟ್ಟೂ ಇಳಿಯಿತು. ಆಮೇಲೆ ಚಾರ್ಜರ್ ಅದಕ್ಕೆ ಹದವಾಗಿ, ಸಾಕೆನಿಸುವಷ್ಟು ಉಣಿಸಿತು.

ಮುದಿ ಬ್ಯಾಟರಿ ಏದುಸಿರು ಬಿಡುತ್ತ ಹೇಗೋ ಆ ಸುತ್ತನ್ನು ದಾಟಿಸಿ ಮರಳಿತು. ಕೊನೆಯ ಸುತ್ತಿಗೆ ಎಳೆಯದು ಹೋಯಿತು. ಏರಿನಲ್ಲೂ ತಿರುವಿನಲ್ಲೂ ಕಾರು ಎಲ್ಲೂ ತಡವರಿಸದೆ ಎಲ್ಲರಿಗಿಂತ ಮೊದಲು ಗೆರೆ ಮುಟ್ಟಿತು.

ಸುತ್ತಲೂ ಚಪ್ಪಾಳೆ ಬೀಳುತ್ತಿರಲು, ಎಳೆಯ ಬ್ಯಾಟರಿ ಮುದಿ ಬ್ಯಾಟರಿಯತ್ತ ನೋಡಿ ಕೂಗಿತು: "ಅಜ್ಜಾ, ಗೆದ್ದೆವು!"