ಹಾನಿಯಾದ ಸ್ಥಳ

ನಲವತ್ತು ವರ್ಷದ ಮೇಲೆ ಗುವಾಹಟಿಯಿಂದ ಬಂದು, ಬಾಡಿಗೆ ಕಾರು ಹಿಡಿದು, ಹುಟ್ಟೂರು ಬಸರಿಹಾಳಕ್ಕೆ ನಾನೇ ಓಡಿಸಿಕೊಂಡು ಹೋದೆ. ನಮ್ಮ ಓಣಿಯ ಜಾಲಿಮುಳ್ಳು ಕಾರಿನ ಒಂದು ಬಾಗಿಲನ್ನು ಗೀರಿತು.

ಕಾರು ಮರಳಿಸುವಾಗ ಮ್ಯಾನೇಜರ್ ಗುಡುಗಿದ. "ಅಮ್ಮಾರ, ಮೂವತ್ತು ಸಾವಿರ ಇಡ್ರಿ. ಇಲ್ಲಾಂದ್ರ ನೀವು ಒತ್ತಿ ಇಟ್ಟ ಲೈಸೆನ್ಸ್ ಕೊಡೂದಿಲ್ಲ."

ಲೈಸೆನ್ಸ್ ಇಲ್ಲದೆ ಮತ್ತೆ ಊರು ನೋಡುವುದು ಹೇಗೆ?

"ಕೊಡೂಣು ತಮ್ಮಾ. ಬಾಡಿಗೆ ಕಟ್ಟಿದ ಕ್ರೆಡಿಟ್ ಕಾರ್ಡಿನಾಗ ಬಾಡಿಗೆ ಕಾರಿನ ಹಾನಿಗೂ ವಿಮೆ ಐತಿ. ವಿಮೆಯವರ ಮನುಷ್ಯಾ ಬರ್ತಾನ. ಹಳೇ ಗೀರು ಯಾವುದು, ಹೊಸಾದು ಯಾವುದು ನೋಡ್ತಾನ. ಹಿಂದ ಬಾಡಿಗೆ ಹಿಡಿದವರ ಕಡೆ ರೊಕ್ಕಾ ಇಸಕೊಂಡು ರಿಪೇರಿ ಮಾಡಿಸಿದ ರಸೀದಿನೂ ಕೇಳ್ತಾನ. ಕರೀಲೇನು?"

ಮ್ಯಾನೇಜರ್ ಉಳಿದ ಮೂರು ಬಾಗಿಲು ನೋಡಿದ. ಮೂರರ ಮೇಲೂ ಹಳೇ ಗೀರು.

"ಯಾಕ್ರಿ ಅಮ್ಮಾರ, ಅಷ್ಟು ದೂರ? ಎರಡು ಸಾವಿರ ಸಾಕು." ರಸೀದಿಯನ್ನೂ ಲೈಸೆನ್ಸನ್ನೂ ಎರಡೂ ಕೈಯಲ್ಲಿ ಕೊಟ್ಟ.

ಆ ಎರಡು ಸಾವಿರವನ್ನು ವಿಮೆಯವರಿಗೆ ಕೇಳಿದೆ. ಅರ್ಜಿಯಲ್ಲಿ 'ಹಾನಿಯಾದ ಸ್ಥಳ' ಬರೆಯಲು ಒಂದೇ ಸಾಲಿತ್ತು. ಇಷ್ಟು ವರ್ಷದಲ್ಲಿ ನಮ್ಮೂರಿನ ಬಗ್ಗೆ ನನ್ನನ್ನು ಯಾರೂ ಕೇಳಿರಲಿಲ್ಲ. ನಾಲ್ಕು ಹಾಳೆ ಬರೆದು ಅಂಟಿಸಿದೆ.

ವಿಮೆ ಕಚೇರಿಯ ಕನ್ನಡದ ಹುಡುಗಿ ಫೋನ್ ಮಾಡಿದಳು. "ಅಮ್ಮಾ, ಹಣ ಮಂಜೂರಾಗಿದೆ. ಆದರೆ ಬಾವಿಕಟ್ಟೆ ಮೇಲೆ ನಿಮ್ಮ ಜೊತೆ ಕೂರುತ್ತಿದ್ದ ಸಾತವ್ವ ಈಗ ಎಲ್ಲಿದ್ದಾರೆ ಅಂತ ಬರೆದೇ ಇಲ್ಲವಲ್ಲ?"

"ಈ ಸಲ ಸಿಗಲಿಲ್ಲವ್ವಾ," ಎಂದೆ. "ಮುಂದಿನ ಅರ್ಜಿಯಾಗ ಬರೀತೀನಿ."