ಕದ್ದು ಉಸಿರಾಡುವ ಎಂಜಿನ್ನು

ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಆಶ್ರಮ. ಆಶ್ರಮಕ್ಕೆ ಒಂದು ಹಳೆಯ ಪೆಟ್ರೋಲ್ ವ್ಯಾನು. ವ್ಯಾನಿನ ಜವಾಬ್ದಾರಿ ಫಕೀರಜ್ಜನದು.

ಫಕೀರಜ್ಜ ಮೂವತ್ತೈದು ವರ್ಷ ಬಸ್ ಡಿಪೋದಲ್ಲಿ ಎಂಜಿನ್ ಬಿಚ್ಚಿ ಕಟ್ಟಿದವನು. ಈಗ ಕೈ ನಡುಗುತ್ತಿತ್ತು. ನಟ್ಟು ಬಿಚ್ಚುವ ಪಾನಾ ಹಿಡಿಯುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಕೈಕೆಲಸವನ್ನೆಲ್ಲ ಶಿಷ್ಯೆ ನೀಲಗಂಗಾ ಮಾಡುತ್ತಿದ್ದಳು.

ಆಕೆ ಮೂವತ್ತರ ಹೆಂಗಸು. ಮೊದಲು ಹೊಲಿಗೆ ಯಂತ್ರ ರಿಪೇರಿ ಮಾಡಿಕೊಂಡಿದ್ದಳು. ಈಗ ವ್ಯಾನು ಓಡಿಸುವವಳೂ ಆಕೆಯೇ, ಕೆಟ್ಟರೆ ಅದರ ಕೆಳಗೆ ನುಸುಳುವವಳೂ ಆಕೆಯೇ.

ವಾರಕ್ಕೆ ಎರಡು ಸಲ ಆ ವ್ಯಾನು ಹೊಳೆಸಾಲಿನ ಹಳ್ಳಿಗಳ ಆರು ಜನರನ್ನು ಪಟ್ಟಣದ ದವಾಖಾನೆಗೆ ಡಯಾಲಿಸಿಸ್‌ಗೆ ಕರೆದೊಯ್ಯುತ್ತಿತ್ತು. ಮೂರು ವಾರದ ಹಿಂದೆ ಹೊಳೆಯ ಏರಿನಲ್ಲಿ ಎಂಜಿನ್ ನಿಂತುಹೋಯಿತು. ನೀಲಗಂಗಾ ಬ್ರೇಕು ತುಳಿದಳು. ಬ್ರೇಕು ಕಲ್ಲಿನಂತೆ ಗಟ್ಟಿ. ವ್ಯಾನು ಹತ್ತು ಮಾರು ಹಿಂದಕ್ಕೆ ಜಾರಿತು. ಹ್ಯಾಂಡ್‌ಬ್ರೇಕು ಎಳೆದದ್ದಕ್ಕೆ ಮೋರಿಯ ಅಂಚಿನಲ್ಲಿ ನಿಂತಿತು.

ಯಾರಿಗೂ ಗಾಯವಾಗಲಿಲ್ಲ. ಆದರೆ ಹಿಂದಿನ ಸೀಟಿನಲ್ಲಿದ್ದ ಮುದುಕಿ ಕಸ್ತೂರೆವ್ವ ಕಿಟಕಿಯ ಸರಳು ಹಿಡಿದವಳು ಬಿಡಲೇ ಇಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಆವತ್ತಿನಿಂದ ಆ ಆರು ಜನ ಎರಡು ಬಸ್ಸು ಬದಲಿಸಿಕೊಂಡು ಹೋಗುತ್ತಿದ್ದರು. ಕಸ್ತೂರೆವ್ವ ಎರಡು ಸಲ ಬಸ್ಸಿನ ನೆಲದ ಮೇಲೆ ಮಲಗಿಕೊಂಡೇ ವಾಪಸ್ಸು ಬಂದಳು.

ಆಶ್ರಮದ ಹಿರಿಯರು ಅಡಿವೆಪ್ಪಗೌಡರು. ಒಂದು ಬುಧವಾರ ಬೆಳಿಗ್ಗೆ ಅವರು ಶೆಡ್ಡಿನ ಬಾಗಿಲಲ್ಲಿ ನಿಂತು ಹೇಳಿದರು.

“ನಾಳೆ ಹತ್ತಕ್ಕ ಗುಜರಿಯಾಂವ ಬರ್ತಾನ, ನೀಲಗಂಗಾ. ಸಾಕು ಮಾಡು.”

ನೀಲಗಂಗಾಳ ಕೈಯಲ್ಲಿ ಕಾರ್ಬೊರೇಟರ್ ಇತ್ತು. ಅದನ್ನು ಆಕೆ ಬಿಚ್ಚಿ ತೊಳೆಯುತ್ತಿದ್ದದ್ದು ಮೂರನೇ ಸಲ.

“ಇವತ್ತೊಂದಿನ ಕೊಡ್ರಿ, ಗೌಡ್ರ.”

“ಇವತ್ತೊಂದಿನಾನ ಉಳದೈತಿ. ಬ್ಯಾರೆ ಕೊಡಾಕ ನನ್ನ ಕೈಯಾಗ ಇಲ್ಲ,” ಎಂದು ಗೌಡರು ಹೋದರು.

ನೀಲಗಂಗಾ ಕಾರ್ಬೊರೇಟರ್ ಜೋಡಿಸಿ ಎಂಜಿನ್ ಶುರು ಮಾಡಿದಳು. ಅದು ಒಮ್ಮೆ ಏರಿತು, ಒಮ್ಮೆ ಇಳಿಯಿತು, ಕೆಮ್ಮಿತು, ನಡುಗಿತು. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದದ್ದೇ ತಡ, ನಿಂತುಹೋಯಿತು.

ಫಕೀರಜ್ಜ ಶೆಡ್ಡಿನ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ.

“ಅಜ್ಜಾ, ಪ್ಲಗ್ ಹೊಸಾವು ಹಾಕೀನಿ. ಕಾರ್ಬೊರೇಟರ್ ಕನ್ನಡಿ ಆಗೇತಿ. ಪೆಟ್ರೋಲ್ ಚಲೋ ಬರಾಕತ್ತೈತಿ. ಮತ್ತ ಯಾಕ ಹಿಂಗ?”

ಅಜ್ಜ ಎದ್ದು ಬಂದ. “ಶುರು ಮಾಡು. ಹಂಗ ಹಿಡಿ, ನಿಲ್ಲಾಕ ಬಿಡಬ್ಯಾಡ.”

ಎಂಜಿನ್ ಕೆಮ್ಮುತ್ತ ಓಡತೊಡಗಿತು. ಅಜ್ಜ ನಡುಗುವ ತನ್ನ ಬಲಗೈ ಚಾಚಿ ಕಾರ್ಬೊರೇಟರಿನ ಬಾಯಿಯ ಮೇಲೆ ಅಂಗೈ ಇಟ್ಟ. ಗಾಳಿ ಹೋಗುವ ದಾರಿ ಪೂರ್ತಿ ಮುಚ್ಚಿತು.

ನೀಲಗಂಗಾ ಎಂಜಿನ್ ಸತ್ತೇಹೋಯಿತು ಎಂದುಕೊಂಡಳು.

ಸಾಯಲಿಲ್ಲ. ಕೆಮ್ಮು ನಿಂತಿತು. ಮೂರು ವಾರದಲ್ಲಿ ಮೊದಲ ಸಲ ಎಂಜಿನ್ ಒಂದೇ ಸಮ ಓಡಿತು.

ಅಜ್ಜ ಆಕೆಯ ಮುಖ ನೋಡಿದ. “ಬಾಯಿ ನಾ ಹಿಡದೀನಿ. ಇದು ಉಸಿರು ಎಲ್ಲಿಂದ ತಗೋಳಾಕತ್ತೈತಿ?”

ಕೈ ತೆಗೆದ. ಎಂಜಿನ್ ಮತ್ತೆ ಕೆಮ್ಮಿ ನಿಂತಿತು. ಅಜ್ಜ ಟವೆಲ್ ಹೆಗಲಿಗೆ ಹಾಕಿಕೊಂಡು ಹೊಳೆಯ ಕಡೆ ನಡೆದ.

ನೀಲಗಂಗಾ ಅಲ್ಲೇ ಕೂತಳು. ಎಂಜಿನ್ನಿಗೆ ಎಷ್ಟು ಗಾಳಿಗೆ ಎಷ್ಟು ಪೆಟ್ರೋಲ್ ಎಂದು ಅಳೆದು ಕೊಡುವುದು ಕಾರ್ಬೊರೇಟರ್. ಅದು ಆಕೆಗೆ ಗೊತ್ತಿತ್ತು. ಅದನ್ನು ದಾಟಿ, ಅಳತೆಗೆ ಸಿಗದೆ, ಎಲ್ಲಿಂದಲೋ ಗಾಳಿ ಒಳಗೆ ನುಗ್ಗುತ್ತಿದೆ. ಮೂರು ವಾರ ನಾನು ಮುಂಬಾಗಿಲನ್ನೇ ತೊಳೆಯುತ್ತ ಕೂತಿದ್ದೆ!

ಎದ್ದು ಹುಡುಕತೊಡಗಿದಳು. ಒಂದೊಂದು ಕೊಳವೆಯ ಮೇಲೂ ಟಾರ್ಚು ಹಿಡಿದಳು. ಒಂದೊಂದು ಜೋಡಣೆಯ ನಟ್ಟನ್ನೂ ಬಿಗಿ ಮಾಡಿ ನೋಡಿದಳು. ಕಿವಿ ಕೊಟ್ಟು ಕೇಳಿದಳು. ಎಂಜಿನ್ ಸಪ್ಪಳದಲ್ಲಿ ಬೇರೇನೂ ಕೇಳಿಸಲಿಲ್ಲ.

ಅಜ್ಜ ಮಿಂದು ಬರುವಷ್ಟರಲ್ಲಿ ಆಕೆಯ ಮೊಣಕೈತನಕ ಮಸಿ ಹತ್ತಿತ್ತು.

“ತೂತು ಎಲ್ಲೂ ಇಲ್ಲ, ಅಜ್ಜಾ. ಎಲ್ಲಾ ನೋಡೀನಿ.”

“ಎದರಿಂದ ನೋಡಿದಿ?”

“ಕಣ್ಣಿಂದ. ಮತ್ತ ಎದರಿಂದ ನೋಡ್ತಾರ?”

“ಹೊಕ್ಕಿದ್ದು ಗಾಳಿ. ಅದು ನಿನ್ನ ಕಣ್ಣಿಗೆ ಯಾವತ್ತರ ಬಿದ್ದೈತೇನು?”

ನೀಲಗಂಗಾಳಿಗೆ ಸಿಟ್ಟು ಬಂತು. “ನಿಮಗ ಗೊತ್ತಿದ್ರ ಹೇಳಿಬಿಡ್ರಿ. ನಾಳೆ ಗುಜರಿಯಾಂವ ಬರ್ತಾನ. ಕಸ್ತೂರೆವ್ವ ಮತ್ತ ಬಸ್ಸಿನ್ಯಾಗ ಬಿದ್ಕೊಂಡು ಬರಬೇಕೇನು?”

ಅಜ್ಜ ಒದ್ದೆ ಟವೆಲ್ ಹಿಂಡಿ ಹಗ್ಗದ ಮೇಲೆ ಹರವಿದ.

ಆಕೆ ಸಿಟ್ಟಿನಲ್ಲೇ ಅಡುಗೆಮನೆಯ ಹಿತ್ತಲಿಗೆ ಹೋಗಿ ಕೈ ತೊಳೆಯತೊಡಗಿದಳು. ಅಡುಗೆಯ ಹಂಪವ್ವ ಅಂಗಳದಲ್ಲಿ ನಿಂತು ಹೆಂಚಿನ ಮಾಡನ್ನೇ ದಿಟ್ಟಿಸುತ್ತಿದ್ದಳು. ಒಳಗೆ ಹಸಿ ಕಟ್ಟಿಗೆ ಉರಿಯುತ್ತಿತ್ತು.

“ಮ್ಯಾಲೇನು ನೋಡಾಕತ್ತೀಯವ್ವಾ?”

“ಒಡದ ಹೆಂಚು ಎಣಸಾಕತ್ತೀನಿ. ಮಳಿಗಾಲ ಬಂತಲ್ಲ.”

“ಕೆಳಗ ನಿಂತು? ಇಲ್ಲಿಂದ ಹೆಂಗ ಕಾಣತಾವ?”

“ಹೆಂಚು ಎಲ್ಲಿ ಕಾಣತಾವ! ಹೊಗಿ ಕಾಣತೈತಿ.” ಹಂಪವ್ವ ಬೆರಳು ತೋರಿಸಿದಳು. “ಬಾಗಲಾ ಹಾಕಿ ಹಸೀ ಕಟ್ಟಿಗಿ ಹಚ್ಚೀನಿ. ಎಲ್ಲಿ ಸೀಳೈತೋ ಅಲ್ಲೇ ಹೊರಗ ಬರತೈತಿ. ಅಲ್ನೋಡು, ಮೂರನೇ ಸಾಲಿನ್ಯಾಗ ಒಂದು.”

ಮೂರನೇ ಸಾಲಿನಿಂದ ಹೊಗೆಯ ಒಂದು ಎಳೆ ಮೇಲೆದ್ದಿತ್ತು. ಅಷ್ಟು ಕೆಳಗಿನಿಂದಲೂ ಆ ಹೆಂಚು ಯಾವುದೆಂದು ಸ್ಪಷ್ಟವಾಗಿ ತಿಳಿಯುತ್ತಿತ್ತು.

ನೀಲಗಂಗಾಳ ಕೈಯ ಸೋಪು ಹಾಗೇ ಉಳಿಯಿತು. ಆಕೆ ಶೆಡ್ಡಿಗೆ ಓಡಿದಳು.

ಬ್ಯಾಟರಿಯ ತಂತಿ ಬಿಚ್ಚಿದಳು. ಪೆಟ್ರೋಲಿನ ದಾರಿ ಬಂದ್ ಮಾಡಿ, ಕಾರ್ಬೊರೇಟರಿನಲ್ಲಿ ಉಳಿದದ್ದನ್ನೂ ಖಾಲಿ ಮಾಡಿದಳು. ಎಂಜಿನ್ ತಣ್ಣಗಾಗಲು ಬಿಟ್ಟು, ಒಂದು ಎಣ್ಣೆಡಬ್ಬಿಯ ಮುಚ್ಚಳಕ್ಕೆ ಎರಡು ತೂತು ಕೊರೆದಳು. ಒಂದಕ್ಕೆ ಸೈಕಲ್ ಪಂಪು, ಇನ್ನೊಂದಕ್ಕೆ ತೋಟಕ್ಕೆ ನೀರು ಬಿಡುವ ಉದ್ದನೆಯ ಪೈಪು. ಡಬ್ಬಿಯೊಳಗೆ ಕೆಂಡ, ಕೆಂಡದ ಮೇಲೆ ಹೊಗೆ ಎಬ್ಬಿಸಲು ಲೋಬಾನದ ಧೂಪ.

ಅಜ್ಜ ಹಿಂದೆ ಬಂದು ನಿಂತಿದ್ದ.

“ಕೆಂಡ ಎಷ್ಟು ದೂರ ಇಟ್ಟೀ?”

“ಹತ್ತು ಮಾರು.”

“ಪೈಪು ಹದಿನೈದು ಮಾರು ಐತಿ.”

ಆಕೆ ಡಬ್ಬಿಯನ್ನು ಹದಿನೈದು ಮಾರು ದೂರ ಒಯ್ದಿಟ್ಟಳು. ಪೈಪಿನ ತುದಿಯನ್ನು ಕಾರ್ಬೊರೇಟರಿನ ಬಾಯಿಗೆ ಇಟ್ಟು ಸುತ್ತಲೂ ಒದ್ದೆ ಅರಿವೆ ತುರುಕಿದಳು. ಅದರೊಳಗಿನ ಗಾಳಿಯ ಬಾಗಿಲು ತೆರೆದಿರಲೆಂದು ಆಕ್ಸಿಲರೇಟರಿನ ಮೇಲೆ ಕಲ್ಲು ಹೇರಿದಳು. ಹಿಂದೆಯೇ ಬಂದಿದ್ದ ಹಂಪವ್ವ ಸೆರಗು ಸಿಕ್ಕಿಸಿಕೊಂಡು ಪಂಪು ಹೊಡೆಯತೊಡಗಿದಳು.

ಐದು ಸಲ. ಹತ್ತು ಸಲ. ಏನೂ ಇಲ್ಲ.

ಇಪ್ಪತ್ತನೇ ಸಲಕ್ಕೆ ಎಂಜಿನ್ನಿನ ಹಿಂಬದಿಯಿಂದ, ಕಣ್ಣು ಹೋಗದ ಮೂಲೆಯಿಂದ, ನೂಲಿನಷ್ಟು ಸಪೂರ ಹೊಗೆ ಎದ್ದಿತು.

“ಹೊಡಿಯವ್ವಾ! ನಿಂದರಬ್ಯಾಡ!”

ಆಕೆ ಎಂಜಿನ್ನಿನ ಮೇಲೆ ಬಾಗಿ ಆ ಮೂಲೆಗೆ ಕೈ ಹಾಕಿದಳು. ಎಂಜಿನ್ನಿನಿಂದ ಬ್ರೇಕಿಗೆ ಹೋಗುವ ರಬ್ಬರ್ ಕೊಳವೆ ಅದು. ಮೇಲಿಂದ ಹೊಸದರ ಹಾಗಿತ್ತು. ಬೆರಳನ್ನು ಅದರ ಅಡಿಗೆ ಜಾರಿಸಿದಳು. ಉಗುರು ಒಂದು ಸೀಳಿನೊಳಗೆ ಇಳಿಯಿತು.

“ಸಿಕ್ತು!” ಕೂಗಿದಳು. “ಅಜ್ಜಾ, ಸಿಕ್ತು! ಕೊಳವಿ ಹೊಟ್ಟಿ ಕೆಳಗ ಸೀಳೈತಿ!”

ತಟ್ಟನೆ ಆಕೆಗೆ ಇನ್ನೊಂದು ಹೊಳೆಯಿತು. ಬ್ರೇಕು ಹಗುರಾಗುವುದು ಎಂಜಿನ್ ಇದೇ ಕೊಳವೆಯಿಂದ ಗಾಳಿ ಎಳೆಯುವ ಬಲದಿಂದ. ಆವತ್ತು ಏರಿನಲ್ಲಿ ಎಂಜಿನ್ ನಿಲ್ಲಿಸಿದ್ದೂ ಈ ಸೀಳೇ. ಬ್ರೇಕು ಗಟ್ಟಿಯಾಗಿಸಿದ್ದೂ ಇದೇ. ತಾನು ಎರಡು ರೋಗ ಎಂದುಕೊಂಡದ್ದು ಒಂದೇ ಆಗಿತ್ತು.

“ಟೇಪು ಸುತ್ತಿಬಿಡ್ಲೇನು?” ಕೇಳಿದಳು.

“ಆ ಬ್ರೇಕು ನಂಬಿ ಹಿಂದ ಕೂಡ್ರೋರು ಯಾರು?”

ಆಕೆ ಮಧ್ಯಾಹ್ನದ ಬಸ್ಸು ಹಿಡಿದಳು. ಪಟ್ಟಣದಿಂದ ಬ್ರೇಕಿನ ಹೊಸ ಕೊಳವೆ, ಎರಡು ಕ್ಲಿಪ್ಪು ತಂದಳು. ನಾಲ್ಕು ಗಂಟೆಗೆ ಹೊಸದನ್ನು ಕೂರಿಸಿ, ಕ್ಲಿಪ್ಪು ಬಿಗಿದು, ಹೊಗೆ ಹಾಕಿ ಮತ್ತೊಮ್ಮೆ ನೋಡಿದಳು. ಒಂದು ಎಳೆಯೂ ಹೊರಗೆ ಬರಲಿಲ್ಲ. ಕೆಂಡಕ್ಕೆ ನೀರು ಹಾಕಿ, ಬ್ಯಾಟರಿ ಜೋಡಿಸಿ, ಕೀಲಿ ತಿರುಗಿಸಿದಳು.

ಎಂಜಿನ್ ಕಿರುಚಿತು.

ಕಾಲು ಆಕ್ಸಿಲರೇಟರಿನ ಮೇಲಿಲ್ಲ. ಆದರೂ ಹುಚ್ಚು ಹಿಡಿದಂತೆ ಓಡುತ್ತಿತ್ತು. ಹಿಂದಿನಿಂದ ಕಪ್ಪು ಹೊಗೆ. ನೀಲಗಂಗಾ ಗಾಬರಿಯಿಂದ ಬಂದ್ ಮಾಡಿದಳು. ಮುಖದ ಮೇಲಿನ ನಗು ಆರಿತು.

“ಮತ್ತ ಏನಾತು, ಅಜ್ಜಾ? ಸರಿ ಮಾಡೀನಲ್ಲ!”

“ಈ ಮೂರು ವಾರ ಗಾಡಿ ನಿಂತಾಗೆಲ್ಲಾ ಏನು ಮಾಡ್ತಿದ್ದಿ?”

“ಕಾರ್ಬೊರೇಟರಿನ ಸ್ಕ್ರೂ ಒಂಚೂರು ತಿರುಗಸತಿದ್ದೆ. ನಿಲ್ಲಬಾರದು ಅಂತ.”

“ಎಷ್ಟು ತಿರುಗಿಸೀದಿ?”

“ಓಟ ಹೆಚ್ಚಸೋ ಸ್ಕ್ರೂ ಮೂರು ಸುತ್ತು. ಪೆಟ್ರೋಲಿಂದು ಒಂದೂವರಿ.” ತಡೆದು ಹೇಳಿದಳು, “ನಿಮಗ ಹೇಳಿದ್ದಿಲ್ಲ.”

“ತೂತು ಮುಚ್ಚಿದಿ. ಚಲೋ ಆತು. ಇನ್ನ ತೂತು ಮುಚ್ಚಿಡಾಕ ಏನೇನು ಮಾಡಿದ್ದಿ, ಅದನ್ನ ಬಿಚ್ಚು.”

ನೀಲಗಂಗಾ ಸ್ಕ್ರೂಡ್ರೈವರ್ ಎತ್ತಿಕೊಂಡಳು. ಹಿಂದಕ್ಕೆ ಒಂದು ಸುತ್ತು. ಎರಡು. ಮೂರು. ಇನ್ನೊಂದನ್ನು ಒಂದೂವರೆ. ಮುಖ ಬಿಸಿಯಾಗಿತ್ತು.

ಕೀಲಿ ತಿರುಗಿಸಿದಳು.

ಸಪ್ಪಳ ಬಂತು, ತಗ್ಗಿತು, ನೆಲೆಗೆ ನಿಂತಿತು. ಏರಲಿಲ್ಲ, ಇಳಿಯಲಿಲ್ಲ. ಆಕೆ ಒಂದು ಸ್ಟೀಲ್ ಲೋಟದ ತುಂಬ ನೀರು ತುಂಬಿ ಎಂಜಿನ್ನಿನ ಪಕ್ಕದ ತಗಡಿನ ಮೇಲಿಟ್ಟಳು. ನೀರು ತುಸುವೇ ಕಂಪಿಸಿತು. ಚೆಲ್ಲಲಿಲ್ಲ.

ಆದರೆ ಶೆಡ್ಡು ಸಮತಟ್ಟು. ಏರು ಬೇರೆ.

ಆರು ಜನರ ಜಾಗದಲ್ಲಿ ಜೋಳದ ಆರು ಚೀಲ ಹೇರಿದಳು. ಅಡಿವೆಪ್ಪಗೌಡರು ತಾವಾಗಿಯೇ ಬಂದು ಏರಿನ ಬುಡದಲ್ಲಿ ನಿಂತರು.

ವ್ಯಾನು ಏರು ಹತ್ತತೊಡಗಿತು. ನೀಲಗಂಗಾ ಮೋರಿಯ ಎದುರಿಗೆ ಬಂದಳು. ಅದೇ ಜಾಗ. ಅಲ್ಲೇ ಬೇಕೆಂದೇ ಬ್ರೇಕು ತುಳಿದಳು.

ಪೆಡಲು ಬೆಣ್ಣೆಯಂತೆ ಇಳಿಯಿತು. ವ್ಯಾನು ನಿಂತಿತು. ಒಂದು ಬೆರಳಷ್ಟೂ ಹಿಂದಕ್ಕೆ ಸರಿಯಲಿಲ್ಲ. ಆಕ್ಸಿಲರೇಟರಿನ ಮೇಲೆ ಕಾಲಿರಲಿಲ್ಲ. ಎಂಜಿನ್ ತನ್ನಷ್ಟಕ್ಕೆ ತಾನು ಮಾತಾಡಿಕೊಳ್ಳುವ ಹಾಗೆ ಓಡುತ್ತಲೇ ಇತ್ತು.

ಆಕೆ ನೂರರವರೆಗೆ ಎಣಿಸಿದಳು. ಎಪ್ಪತ್ತಕ್ಕೆ ಕಣ್ಣು ತುಂಬಿ ಬಂತು. ಎಣಿಕೆ ಬಿಡಲಿಲ್ಲ. ನೂರಾದ ಮೇಲೆ ಗೇರು ಹಾಕಿ, ಜೋಳದ ಚೀಲಗಳನ್ನು ಹೇರಿಕೊಂಡು ಏರಿನ ನೆತ್ತಿಗೆ ಹೋಗಿ ಹಾರ್ನು ಹೊಡೆದಳು. ಆಶ್ರಮಕ್ಕೆ ಆಶ್ರಮವೇ ಕೇಳುವ ಹಾಗೆ ಹೊಡೆದಳು. ಕೆಳಗೆ ಹಂಪವ್ವ ಸೌಟು ಎತ್ತಿ ಕುಣಿಯುವುದು ಕಾಣಿಸಿತು.

ಇಳಿದು ಬಂದಾಗ ಅಡಿವೆಪ್ಪಗೌಡರು ಫೋನು ಕಿವಿಗಿಟ್ಟು ಮಾತಾಡುತ್ತಿದ್ದರು.

“ಬರಬ್ಯಾಡಪ್ಪಾ. ಇಲ್ಲಿ ಗುಜರಿ ಯಾವುದೂ ಇಲ್ಲ.”

ಮರುದಿನ ಡಯಾಲಿಸಿಸ್ ದಿನ; ಸುದ್ದಿ ತಿಳಿದು ಬೆಳಿಗ್ಗೆ ಎಂಟಕ್ಕೆ ಆ ಆರು ಜನ ಬಂದರು. ಕಸ್ತೂರೆವ್ವ ವ್ಯಾನಿನ ಬಾಗಿಲಲ್ಲಿ ನಿಂತಳು. ಹತ್ತಲಿಲ್ಲ.

ನೀಲಗಂಗಾ ಕೆಳಗಿಳಿದು ಹಳೆಯ ಕೊಳವೆಯನ್ನು ಆಕೆಯ ಕೈಯಲ್ಲಿಟ್ಟು, ಸೀಳಿನ ಮೇಲೆ ಆಕೆಯ ಬೆರಳು ಆಡಿಸಿದಳು.

“ಅವತ್ತು ಕಾಡಿದ್ದು ಇದ, ಆಯೀ. ನಾನೂ ಮುಚ್ಚಿಟ್ಟಿದ್ದೆ, ಸ್ಕ್ರೂ ತಿರುಗಿಸಿ ತಿರುಗಿಸಿ. ಈಗ ತಗದೀನಿ.”

ಕಸ್ತೂರೆವ್ವ ಕೊಳವೆಯನ್ನು ತಿರುವಿ ತಿರುವಿ ನೋಡಿದಳು. ಆಮೇಲೆ ಅದನ್ನು ಹೊಳೆಯ ದಂಡೆಯ ಕಸದ ಗುಂಡಿಗೆ ಬೀಸಿ ಒಗೆದಳು. ಸೀರೆ ಎತ್ತಿಕೊಂಡು ಹತ್ತಿದಳು. ಗೌಡರು ಮುಂದೆ ಕೂತರು. ಫಕೀರಜ್ಜ ಹಿಂದೆ ಹೋಗಿ ಕಿಟಕಿಯ ಪಕ್ಕ ಕೂತ.

ಏರು ಹತ್ತಿದ್ದು ಯಾರ ಗಮನಕ್ಕೂ ಬರಲಿಲ್ಲ. ನೆತ್ತಿಯಲ್ಲಿ ಕುರಿಹಿಂಡು ಅಡ್ಡ ಬಂತು. ನೀಲಗಂಗಾ ವ್ಯಾನು ನಿಲ್ಲಿಸಿದಳು.

“ಮತ್ತ ಬಂದ್ ಆತೇನವ್ವಾ?” ಕಸ್ತೂರೆವ್ವ ಹಿಂದಿನಿಂದ ಕೇಳಿದಳು.

“ಇಲ್ಲ, ಆಯೀ. ಓಡಾಕತ್ತೈತಿ.”

“ಸಪ್ಪಳಾನ ಇಲ್ಲಲ್ಲ!”

ವ್ಯಾನಿನಲ್ಲಿದ್ದವರೆಲ್ಲ ನಕ್ಕರು. ಕಸ್ತೂರೆವ್ವ ಎಲ್ಲರಿಗಿಂತ ಜೋರಾಗಿ ನಕ್ಕಳು. ಆಕೆಯ ಎರಡೂ ಕೈ ಮಡಿಲಲ್ಲಿದ್ದವು.

ನೀಲಗಂಗಾಳಿಗೆ ಗುರುವಿನ ಬಾಯಿಂದ ಮೆಚ್ಚುಗೆಯ ಒಂದು ಮಾತು ಕೇಳಬೇಕೆನಿಸಿತು. ಕನ್ನಡಿಯಲ್ಲಿ ನೋಡಿದಳು. ಫಕೀರಜ್ಜ ತಲೆಯನ್ನು ಕಿಟಕಿಗೆ ಆನಿಸಿ ಕಣ್ಣು ಮುಚ್ಚಿಕೊಂಡಿದ್ದ.

ಗೌಡರು ಹಿಂದೆ ತಿರುಗಿ ನೋಡಿ ಬೆರಗಾದರು. “ಇದೇನಿದು! ಇಪ್ಪತ್ತು ವರ್ಷ ಆತು, ಓಡೋ ಗಾಡ್ಯಾಗ ಅಜ್ಜ ನಿದ್ದಿ ಮಾಡಿದ್ದು ನೋಡಿಲ್ಲ. ಕಿವಿ ಯಾವಾಗಲೂ ಎಂಜಿನ್ ಮ್ಯಾಲ.”

“ಅಜ್ಜಾ,” ನೀಲಗಂಗಾ ಕರೆದಳು. “ಒಮ್ಮೆ ಸಪ್ಪಳ ಕೇಳಿ ಹೇಳ್ರಿ. ಬರೋಬರಿ ಐತೇನು?”

ಫಕೀರಜ್ಜ ಕಣ್ಣು ತೆರೆಯಲಿಲ್ಲ. ಟವೆಲನ್ನು ಮುಖದ ಮೇಲೆ ಎಳೆದುಕೊಂಡ.

“ದವಾಖಾನಿ ಬಂದ ಮ್ಯಾಲ ಎಬ್ಬಸು.”