ಬೆಳಗಿನ ಐದು ಗಂಟೆಯ ಸಾಲು

ಗುರುಶಾಂತ ಕೇಳಿದ:

"ಬುದ್ಧಿ, ಹನ್ನೊಂದು ವರ್ಷ ಈ ಮಠದ ದಾಸೋಹದ ಅಡುಗೆ ನೋಡಿಕೊಂಡೆ. ನನ್ನ ಮೊಣಕೈ ನೋವು ನೋಡಿ ತಾವು ಆ ಕೆಲಸವನ್ನು ಕಲ್ಲಿನಾಥನಿಗೆ ವಹಿಸಿದಿರಿ. ಅವನು ಚೆನ್ನಾಗಿಯೇ ಮಾಡುತ್ತಿದ್ದಾನೆ. ಉಂಡವರು ಹೊಗಳುತ್ತಾರೆ. ಅದನ್ನು ಕೇಳಿ ನನಗೆ ಸಂತೋಷವಾಗಬೇಕು, ಆಗುತ್ತಿಲ್ಲ. ಒಂದು ದಿನವಾದರೂ ಅವನ ಕೈ ತಪ್ಪಲಿ ಎನಿಸುತ್ತದೆ. ಇದು ಅಷ್ಟು ದೊಡ್ಡ ತಪ್ಪೇ? ನಾನು ಅವನಿಗೆ ಯಾವ ಕೇಡನ್ನೂ ಮಾಡಿಲ್ಲ."

ಗುರುಗಳು ಅವನಿಗೆ ಕುಳಿತುಕೊಳ್ಳಲು ಹೇಳಿ, ಈ ಕತೆಯನ್ನು ಹೇಳಿದರು.

ಒಂದು ಊರಿನಲ್ಲಿ ಒಂದು ರಕ್ತನಿಧಿ ಇತ್ತು. ಸುತ್ತಲಿನ ಏಳು ಆಸ್ಪತ್ರೆಗಳು ಅದನ್ನು ನಂಬಿಕೊಂಡಿದ್ದವು. ಯಾವ ಗುಂಪಿನ ರಕ್ತ ಯಾವ ಆಸ್ಪತ್ರೆಯಲ್ಲಿದೆ ಎಂಬ ವಿವರವೆಲ್ಲ ಒಂದು ಸರ್ವರ್‌ನಲ್ಲಿ ಇರುತ್ತಿತ್ತು. ಬೇರೆ ಕಂಪ್ಯೂಟರುಗಳು ಕೇಳಿದಾಗಲೆಲ್ಲ ಉತ್ತರ ಕೊಡುವ ದೊಡ್ಡ ಕಂಪ್ಯೂಟರ್ ಅದು. ಅದನ್ನು ನೋಡಿಕೊಳ್ಳಲು ಒಬ್ಬ ಪಾಲಕನಿದ್ದ.

ಆ ಸರ್ವರ್‌ಗೆ ಒಂದು ರೋಗವಿತ್ತು. ಮುಗಿದುಹೋದ ಕೆಲಸವನ್ನೂ ಅದು ಮರೆಯುತ್ತಿರಲಿಲ್ಲ. ಹೀಗೆ ಅದರ ತಲೆ ತುಂಬುತ್ತ ಹೋಗಿ, ಒಂಬತ್ತು ದಿನಕ್ಕೊಮ್ಮೆ ಉತ್ತರ ಕೊಡುವುದನ್ನೇ ನಿಲ್ಲಿಸಿಬಿಡುತ್ತಿತ್ತು. ಆಗ ಪಾಲಕ ಬಂದು ಅದನ್ನು ಕ್ರಮವಾಗಿ ನಿಲ್ಲಿಸಿ, ಮತ್ತೆ ಶುರು ಮಾಡಬೇಕಿತ್ತು. ಆ ಕ್ರಮ ಅವನೊಬ್ಬನಿಗೇ ಗೊತ್ತಿತ್ತು. ಅವನು ಅದನ್ನು ಯಾರಿಗೂ ಕಲಿಸಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.

ಯಾವ ಹೊತ್ತಿನಲ್ಲಿ ಕರೆ ಬಂದರೂ ಅವನು ಹೋಗುತ್ತಿದ್ದ. ತಂಗಿಯ ಮದುವೆಯಲ್ಲಿ ಧಾರೆಗೆ ನಿಂತವನು ಫೋನ್ ಬಂತೆಂದು ಬಿಟ್ಟು ಹೋಗಿದ್ದ. ಎಲ್ಲರೂ ಅದನ್ನು ತ್ಯಾಗ ಎಂದರು. ಅವನು ತಲೆ ತಗ್ಗಿಸಿ ನಗುತ್ತಿದ್ದ. "ನೀವಿಲ್ಲದಿದ್ದರೆ ನಮ್ಮ ಗತಿ ಏನು ಸಾರ್" ಎಂದು ವೈದ್ಯರು, ದಾದಿಯರು, ಆಂಬುಲೆನ್ಸ್ ಓಡಿಸುವವರು ಹೇಳುತ್ತಿದ್ದರು. ಅವನ ಊಟ ತಣ್ಣಗಾಗುತ್ತಿತ್ತು. ಆದರೆ ಆ ಮಾತಿನಿಂದಲೇ ಅವನ ಹೊಟ್ಟೆ ತುಂಬುತ್ತಿತ್ತು.

ಒಂದು ವರ್ಷ ಅವನ ಕೈಕೆಳಗೆ ಒಬ್ಬ ಹೊಸ ತರುಣಿಯನ್ನು ಕೆಲಸಕ್ಕೆ ತೆಗೆದುಕೊಂಡರು. ಅವಳು ಒಂದು ತಿಂಗಳು ಸುಮ್ಮನೆ ನೋಡಿದಳು. ಆಮೇಲೆ ಸರ್ವರ್‌ನೊಳಗೆ ಒಂದು ಸಾಲು ಬರೆದಳು. ದಿನವೂ ಬೆಳಗಿನ ಐದು ಗಂಟೆಗೆ, ಯಾರೂ ಕೆಲಸ ಮಾಡದ ಹೊತ್ತಿನಲ್ಲಿ, ಸರ್ವರ್ ತಾನಾಗಿ ನಿಂತು ತಾನಾಗಿ ಶುರುವಾಗಬೇಕು ಎಂಬುದು ಆ ಸಾಲಿನ ಅರ್ಥ. ನಾಲ್ಕೇ ನಿಮಿಷದ ಕೆಲಸ. ತಲೆ ತುಂಬುವ ಮೊದಲೇ ಅದು ಖಾಲಿಯಾಗುತ್ತಿತ್ತು.

ಅಂದಿನಿಂದ ಸರ್ವರ್ ನಿಲ್ಲಲಿಲ್ಲ. ಫೋನೂ ಬರಲಿಲ್ಲ.

ಮೊದಲ ವಾರ ಪಾಲಕ ಚೆನ್ನಾಗಿ ನಿದ್ದೆ ಮಾಡಿದ. ಎರಡನೆಯ ವಾರ ಹೆಂಡತಿಯ ಫೋನಿನಿಂದ ತನ್ನ ಫೋನಿಗೆ ಕರೆ ಮಾಡಿ, ಅದು ಸರಿಯಾಗಿದೆಯೇ ಎಂದು ನೋಡಿದ. ಅದು ಸರಿಯಾಗಿಯೇ ಇತ್ತು.

"ಈಗಲಾದರೂ ಬಿಸಿ ಅನ್ನ ಉಣ್ಣುತ್ತಿದ್ದೀರಿ. ಆ ಹುಡುಗಿ ಪುಣ್ಯ ಕಟ್ಟಿಕೊಂಡಳು" ಎಂದಳು ಹೆಂಡತಿ.

ಅವನು ಅರ್ಧ ಊಟಕ್ಕೇ ಕೈ ತೊಳೆದ.

ರಕ್ತನಿಧಿಯ ಕೌಂಟರಿನ ಮುಂದೆ ದಿನಕ್ಕೆರಡು ಸಲ ನಿಂತು, "ಎಲ್ಲ ಸರಿಯಿದೆಯಾ?" ಎಂದು ಕೇಳುತ್ತಿದ್ದ. "ಸರಿಯಿದೆ ಸಾರ್" ಎಂದು ಅಲ್ಲಿದ್ದ ಹೆಂಗಸು ತಲೆಯೆತ್ತದೆ ಹೇಳುತ್ತಿದ್ದಳು. ಮೊದಲು ಸರ್ವರ್ ಮೇಲಿಂದ ಮೇಲೆ ಕೈಕೊಡುತ್ತಿದ್ದರಿಂದ ಅವಳು ಎಲ್ಲ ವಿವರವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದಳು. ಈಗ ಅದರ ಅಗತ್ಯವಿರಲಿಲ್ಲ. ಬರೆಯುವುದನ್ನು ಬಿಟ್ಟಳು.

ವರ್ಷದ ಕೊನೆಗೆ ಒಂದು ಸಭೆ ನಡೆಯಿತು. ತರುಣಿಗೆ ಶಾಲು ಹೊದಿಸಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಪಾಲಕನೇ. ಮನೆಗೆ ಬಂದಾಗ ಅವನ ಅಂಗೈ ಕೆಂಪಾಗಿತ್ತು.

ಮನುಷ್ಯರ ಮೇಲೆ ಹೊಟ್ಟೆಕಿಚ್ಚಿದ್ದರೆ ಅವರಲ್ಲಿ ಒಂದು ಕುಂದನ್ನಾದರೂ ಹುಡುಕಬಹುದು. ಅವಳಲ್ಲಿ ಅವನು ಹುಡುಕಿದ. ಹೆಚ್ಚು ಮಾತಾಡುತ್ತಾಳೆ ಎಂದ. ಹಿರಿಯರ ಮುಂದೆ ಕಾಲ ಮೇಲೆ ಕಾಲು ಹಾಕುತ್ತಾಳೆ ಎಂದ. ಆದರೆ ಅವನ ಕಿಚ್ಚು ನಿಜವಾಗಿ ಉರಿಯುತ್ತಿದ್ದದ್ದು ಆ ಸಾಲಿನ ಮೇಲೆ. ಅದಕ್ಕೆ ಕುಂದಿರಲಿಲ್ಲ. ಅದು ರಜೆ ಕೇಳುತ್ತಿರಲಿಲ್ಲ. ಯಾರಾದರೂ ಹೊಗಳಲಿ ಎಂದು ಕಾಯುತ್ತಲೂ ಇರಲಿಲ್ಲ. ತಾನು ಇಪ್ಪತ್ತು ವರ್ಷ ಬೆವರು ಸುರಿಸಿ ಗಳಿಸಿದ ಜಾಗದಲ್ಲಿ, ಒಂದು ಗೇಣೂ ಉದ್ದವಿಲ್ಲದ ಒಂದು ಸಾಲು ಬಂದು ಕುಳಿತಿತ್ತು.

ಒಂದು ದಿನ ಅವನು ಬೆಳಗಿನ ಐದು ಗಂಟೆಗೆ ಸರ್ವರ್ ಇದ್ದ ಕೋಣೆಗೆ ಹೋಗಿ ನಿಂತ. ದೀಪಗಳು ಒಂದೊಂದಾಗಿ ಆರಿದವು. ಏಳದಿರಲಿ ಎಂದಿತು ಅವನ ಮನಸ್ಸು. ನಾಲ್ಕು ನಿಮಿಷಕ್ಕೆ ಅದು ಎದ್ದಿತು. ಆಮೇಲೆ ಇನ್ನೂ ಮೂರು ದಿನ ಅದೇ ಹೊತ್ತಿಗೆ ಹೋಗಿ ನಿಂತ. ಮೂರು ದಿನವೂ ಅದು ಎದ್ದಿತು.

ತರುಣಿಯೂ ಮೊದಲ ತಿಂಗಳುಗಳಲ್ಲಿ ದಿನವೂ ಬಂದು, ಸಾಲು ಕೆಲಸ ಮಾಡಿದೆಯೇ ಎಂದು ನೋಡುತ್ತಿದ್ದಳು. ಆಮೇಲೆ ನಂಬಿಕೆ ಬಂದು ನೋಡುವುದನ್ನು ಬಿಟ್ಟಿದ್ದಳು. ಅದು ಪಾಲಕನಿಗೆ ಗೊತ್ತಿತ್ತು. ತಿಂಗಳ ಕೊನೆಯ ಭಾನುವಾರ ಅವಳು ತನ್ನ ಊರಿಗೆ ಹೋಗುತ್ತಾಳೆ ಎಂಬುದೂ ಗೊತ್ತಿತ್ತು. ಆ ಭಾನುವಾರದಿಂದ ಅವನು ಹಿಂದಕ್ಕೆ ಒಂಬತ್ತು ದಿನ ಎಣಿಸಿದ. ಶುಕ್ರವಾರ ಬಂತು. ಅಂದು ಎಲ್ಲರೂ ಊಟಕ್ಕೆ ಹೋದಾಗ ಆ ಸಾಲನ್ನು ತೆರೆದ. ಅಳಿಸಲಿಲ್ಲ. ಅದರ ಮೊದಲ ಅಕ್ಷರದ ಹಿಂದೆ ಒಂದು ಗುರುತು ಹಾಕಿದ. ಆ ಗುರುತಿರುವ ಸಾಲನ್ನು ಯಂತ್ರ ಓದುವುದಿಲ್ಲ.

'ನಾನೇನೂ ಕೆಡಿಸಲಿಲ್ಲ. ಮೊದಲು ಹೇಗಿತ್ತೋ ಹಾಗೆ ಬಿಟ್ಟೆ, ಅಷ್ಟೆ' ಎಂದುಕೊಂಡ.

ಭಾನುವಾರ ಅವನು ಬೇಗ ಸ್ನಾನ ಮಾಡಿ ಇಸ್ತ್ರಿಯ ಅಂಗಿ ಹಾಕಿಕೊಂಡು ಕುಳಿತ. "ಎಲ್ಲಿಗೆ ಹೊರಟಿರಿ?" ಎಂದು ಹೆಂಡತಿ ಕೇಳಿದಳು. "ಎಲ್ಲಿಗೂ ಇಲ್ಲ" ಎಂದ. ಹನ್ನೊಂದು ಗಂಟೆ ದಾಟಿದ ಮೇಲೆ ಫೋನ್ ಬಂತು.

"ಸಾರ್, ಸರ್ವರ್ ನಿಂತುಬಿಟ್ಟಿದೆ. ಮೇಡಂ ಊರಲ್ಲಿಲ್ಲ. ನೀವೇ ಬರಬೇಕು."

ದಾರಿಯುದ್ದಕ್ಕೂ ಅವನ ಮನಸ್ಸು ಹಗುರವಾಗಿತ್ತು. ಅಷ್ಟು ಸಂತೋಷ ಅವನಿಗೆ ಆ ವರ್ಷದಲ್ಲಿ ಆಗಿರಲಿಲ್ಲ.

ಕೌಂಟರಿನ ಮುಂದೆ ಒಬ್ಬ ಮನುಷ್ಯ ಚೀಟಿ ಹಿಡಿದು ನಿಂತಿದ್ದ. ಬಟ್ಟೆ ನೇಯುವವನು. ಅವನ ಹೆಂಡತಿಗೆ ಹೆರಿಗೆಯಾಗಿ ರಕ್ತ ಹೋಗುವುದು ನಿಂತಿರಲಿಲ್ಲ. ಅವಳದು ಅಪರೂಪದ ಗುಂಪು. ಅದು ಯಾವ ಆಸ್ಪತ್ರೆಯಲ್ಲಿದೆ ಎಂದು ಹೇಳಲು ಸರ್ವರ್ ಇರಲಿಲ್ಲ, ನೋಟ್‌ಬುಕ್ಕೂ ಇರಲಿಲ್ಲ. ಕೌಂಟರಿನ ಹೆಂಗಸು ಒಂದೊಂದೇ ಆಸ್ಪತ್ರೆಗೆ ಫೋನ್ ಮಾಡುತ್ತಿದ್ದಳು. ಭಾನುವಾರವಾದ್ದರಿಂದ ಮೂರು ಕಡೆ ಬಿಟ್ಟರೆ ಉಳಿದ ಕಡೆ ಯಾರೂ ಎತ್ತಲಿಲ್ಲ. ಎತ್ತಿದ ಮೂರೂ ಕಡೆ ಆ ಗುಂಪಿನ ರಕ್ತ ಇರಲಿಲ್ಲ.

ಪಾಲಕ ಸರ್ವರನ್ನು ನಿಲ್ಲಿಸಿ ಶುರು ಮಾಡಿದ. ಕೆಲಸದ ನಡುವೆಯೇ ಬಿದ್ದ ಯಂತ್ರ ಅದು. ಎದ್ದ ಮೇಲೆ ತನ್ನಲ್ಲಿರುವ ವಿವರವನ್ನೆಲ್ಲ ಒಮ್ಮೆ ಪರೀಕ್ಷೆ ಮಾಡಿಕೊಳ್ಳದೆ ಉತ್ತರ ಕೊಡುವುದಿಲ್ಲ. ಅದಕ್ಕೆ ನಲವತ್ತು ನಿಮಿಷ ಬೇಕು. ಮೊದಲೂ ಅಷ್ಟೇ ಹೊತ್ತು ಹಿಡಿಯುತ್ತಿತ್ತು. ಆಗ ಅವನು ಟೀ ತರಿಸಿಕೊಂಡು ಕುಡಿಯುತ್ತಿದ್ದ.

ನೇಕಾರ ಕೂಗಾಡಲಿಲ್ಲ. ಬಾಗಿಲಲ್ಲಿ ನಿಂತುಕೊಂಡ. ಅವನು ಪರದೆಯನ್ನು ನೋಡಲಿಲ್ಲ, ಪಾಲಕನ ಮುಖವನ್ನೇ ನೋಡುತ್ತಿದ್ದ. ನಲವತ್ತು ನಿಮಿಷವೂ ನೋಡಿದ.

ಕೊನೆಗೆ ಪರದೆ ಉತ್ತರ ಕೊಟ್ಟಿತು. ಆ ಗುಂಪಿನ ಎರಡು ಬಾಟಲಿ ರಕ್ತ ಒಂದು ಆಸ್ಪತ್ರೆಯಲ್ಲಿತ್ತು. ನೇಕಾರ ಓಡುವವನು ಒಂದು ಕ್ಷಣ ತಿರುಗಿ ನಿಂತು ಕೈಮುಗಿದ.

"ರಜೆಯ ದಿನವೂ ಓಡಿ ಬಂದಿರಿ ಸ್ವಾಮಿ. ಈ ಉಪಕಾರ ಮರೆಯುವುದಿಲ್ಲ."

ಕೌಂಟರಿನ ಹೆಂಗಸು, "ಯಂತ್ರವನ್ನು ನಂಬಿ ಕೆಟ್ಟೆವು ಸಾರ್, ನೀವೇ ಇರಬೇಕು" ಎಂದಳು. ಒಂದು ವರ್ಷದಿಂದ ಅವನು ಕಾದಿದ್ದ ಮಾತು ಅದೇ. ಕಿವಿಗೆ ಬಿತ್ತು. ಒಳಕ್ಕೆ ಇಳಿಯಲಿಲ್ಲ.

ಬಾಣಂತಿ ಮೂರು ದಿನ ಕಣ್ಣು ತೆರೆಯಲಿಲ್ಲ. ಮೂರು ದಿನವೂ ಪಾಲಕ ಅವಳಿದ್ದ ಆಸ್ಪತ್ರೆಯ ಗೇಟಿನವರೆಗೆ ಹೋಗಿ, ಕಾವಲುಗಾರನನ್ನು ಕೇಳಿ ತಿರುಗಿ ಬಂದ. ನಾಲ್ಕನೆಯ ದಿನ ಅವಳು ಕಣ್ಣು ತೆರೆದಳು. ಮಗು ಗಟ್ಟಿಯಾಗಿತ್ತು.

ಅದಕ್ಕೂ ಮೊದಲು, ಸೋಮವಾರವೇ, ಮುಖ್ಯ ವೈದ್ಯಾಧಿಕಾರಿ ಇಬ್ಬರನ್ನೂ ಕರೆಸಿದ. ತರುಣಿಯನ್ನು ಕೇಳಿದಾಗ ಅವಳು, "ಅಂದು ಸಾಲು ಕೆಲಸ ಮಾಡಿಲ್ಲ" ಎಂದಷ್ಟೇ ಹೇಳಿದಳು. ಇನ್ನು ಮೇಲೆ ತಾನಾಗಿ ನಡೆಯುವುದು ಏನೂ ಬೇಡ, ಮೊದಲಿನಂತೆ ಇವರೇ ಮಾಡಲಿ ಎಂದು ಅಧಿಕಾರಿ ಆಜ್ಞೆ ಮಾಡಿದ. ಪಾಲಕನಿಗೆ ಅವನ ಕೆಲಸ ತಿರುಗಿ ಬಂತು. ಫೋನ್ ಮತ್ತೆ ಬರತೊಡಗಿತು. ಆ ನಲವತ್ತು ನಿಮಿಷ ಅವನು ಈಗ ಟೀ ತರಿಸಿಕೊಳ್ಳುತ್ತಿರಲಿಲ್ಲ.

ಮೂರು ವಾರವಾದ ಮೇಲೆ ನೇಕಾರ ರಕ್ತನಿಧಿಗೆ ಬಂದ. ಕೈಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು ಇದ್ದವು.

"ಬರುವ ಸೋಮವಾರ ಮಗನ ನಾಮಕರಣ. ಮನೆಯಲ್ಲಿ ಎಲ್ಲರೂ ಕೂತು ಮಾತಾಡಿದೆವು. ನಿಮ್ಮ ಹೆಸರನ್ನೇ ಇಡುತ್ತೇವೆ. ನೀವು ಬರಬೇಕು" ಎಂದ.

ಪಾಲಕ ತಾಂಬೂಲ ಹಿಡಿದುಕೊಂಡು ನಿಂತೇ ಇದ್ದ. ನೇಕಾರ ಹೋದ ಮೇಲೂ ನಿಂತಿದ್ದ. ಆಮೇಲೆ ನೇರವಾಗಿ ತರುಣಿಯ ಮೇಜಿನ ಹತ್ತಿರ ಹೋದ.

"ಆ ಗುರುತು ಹಾಕಿದವನು ನಾನು" ಎಂದ.

"ಗೊತ್ತು ಸಾರ್. ಯಾರು, ಯಾವಾಗ ಮುಟ್ಟಿದರು ಎಂಬುದು ಅದರಲ್ಲೇ ಇರುತ್ತದೆ. ಸೋಮವಾರವೇ ನೋಡಿದೆ."

"ಹಾಗಾದರೆ ಯಾಕೆ ಹೇಳಲಿಲ್ಲ?"

"ಹೇಳುವುದಕ್ಕೇ ಹೊರಟಿದ್ದೆ. ಮೆಟ್ಟಿಲ ಹತ್ತಿರ ಆ ನೇಕಾರ ಎದುರಾದ. ಹೆಂಡತಿಗೆ ಇನ್ನೂ ಎಚ್ಚರ ಬಂದಿರಲಿಲ್ಲ. 'ನಮ್ಮಂಥವರಿಗೂ ಓಡಿ ಬರುವ ಒಬ್ಬರಿದ್ದಾರೆ ಮೇಡಂ, ಅದೊಂದೇ ಧೈರ್ಯ' ಎಂದ. ಆ ಹೊತ್ತಿನಲ್ಲಿ ಅವನ ಕೈಯಿಂದ ಅದನ್ನೂ ಕಸಿದುಕೊಳ್ಳಲು ನನ್ನಿಂದ ಆಗಲಿಲ್ಲ."

ಪಾಲಕ ಅಂದೇ ನಡೆದದ್ದನ್ನೆಲ್ಲ ಕಾಗದದಲ್ಲಿ ಬರೆದು ಅಧಿಕಾರಿಗೆ ಕೊಟ್ಟ. ಅವನನ್ನು ಕೆಲಸದಿಂದ ತೆಗೆದರು. ಬೆಳಗಿನ ಐದು ಗಂಟೆಯ ಸಾಲನ್ನು ತರುಣಿ ಮತ್ತೆ ಬರೆದಳು. ಜೊತೆಗೆ, ಕೌಂಟರಿನಲ್ಲಿ ಒಂದು ನೋಟ್‌ಬುಕ್ಕೂ ಇರಲಿ ಎಂದಳು.

ಸೋಮವಾರ ಪಾಲಕ ನೇಕಾರನ ಮನೆಗೆ ಹೋದ. ತೊಟ್ಟಿಲು ಸಿಂಗರಿಸಿದ್ದರು. ಅವನು ನೇಕಾರನನ್ನು ಮಗ್ಗದ ಕೋಣೆಗೆ ಕರೆದು ಎಲ್ಲವನ್ನೂ ಹೇಳಿದ. ಶುಕ್ರವಾರದ್ದನ್ನು ಹೇಳಿದ. ದಾರಿಯಲ್ಲಿ ತನಗಾದ ಸಂತೋಷವನ್ನೂ ಬಿಡದೆ ಹೇಳಿದ.

ನೇಕಾರ ಮಗ್ಗದಲ್ಲಿ ಸಡಿಲಾಗಿದ್ದ ಒಂದು ಎಳೆಯನ್ನು ಬಿಗಿ ಮಾಡಿದ. ಆಮೇಲೆ ಒಳಗೆ ಹೋದ. ಮಗುವಿಗೆ ಅದರ ಮುತ್ತಜ್ಜನ ಹೆಸರನ್ನಿಟ್ಟರು. ಅದೆಲ್ಲ ಮುಗಿದ ಮೇಲೆ ಹೊರಗೆ ಬಂದು, ಪಾಲಕನ ಮುಖ ನೋಡದೆ, "ಎಲೆ ಹಾಕಿದೆ. ಉಂಡು ಹೋಗಿ" ಎಂದ.

ಪಾಲಕ ಉಂಡ. ಬಾಣಂತಿ ಗೋಡೆ ಹಿಡಿದುಕೊಂಡು ಬಂದು ಅವನ ಎಲೆಗೆ ತುಪ್ಪ ಬಡಿಸಿದಳು. ಅವಳಿಗೆ ಇನ್ನೂ ಯಾರೂ ಏನೂ ಹೇಳಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಗುರುಶಾಂತ ಹೇಳಿದ: "ಅವನು ಆ ಗುರುತು ಹಾಕಿದ, ಬುದ್ಧಿ. ನಾನು ಕಲ್ಲಿನಾಥನ ಒಲೆಯ ಹತ್ತಿರಕ್ಕೂ ಹೋಗಿಲ್ಲ."

ಗುರುಗಳು ಹೇಳಿದರು: "ಹೋಗಿಲ್ಲ, ನಿಜ, ಆದರೆ ಅವನ ಸಾರು ಹಳಸಲಿ ಎಂದು ನೀನು ಕಾದು ಕೂತ ದಿನ, ಅದನ್ನು ಉಣ್ಣಲು ಪಂಕ್ತಿಯಲ್ಲಿ ಎಷ್ಟು ಜನ ಇದ್ದರು?"